ಹಾಳಿ ಹರಿಯಾವ್ರು

ಗೋಕಾಕದ ನೆಟ್ ಸೆಂಟರಿನಲ್ಲಿ ಮೇಲ್ ತೆರೆಯುವಷ್ಟರಲ್ಲಿ ಕರೆಂಟು ಹೋಯಿತು. ಅದು ಬರುವತನಕ ಬಾಜೂ ಲೈಬ್ರರಿಯಲ್ಲಿ ದಪ್ಪನೆಯ ಕಾದಂಬರಿಯೊಂದನ್ನು ಹಿಡಿದು ಕುಳಿತೆ. ಬಹಳ ಹೊತ್ತಾದ ಮೇಲೆ ಲೈಬ್ರರಿಯವರು ನನ್ನ ಚೀಲದ ಮೇಲೆ ಕಣ್ಣಿಟ್ಟು ಬೆನ್ನ ಹಿಂದೆ ಬಂದು ನಿಂತರು.

“ಹಾಳಿ ಹರಿಯಾಕ ಬಂದೀರೇನ್ರಿ?”

“ಇಲ್ರಿ, ಓದಾಕತ್ತೇನಿ.”

“ಈ ನೆಟ್ ಬಂದಾಗಿಂದ ಒಂದ ಪುಸ್ತಕ ಹಿಡದು ಇಷ್ಟೊತ್ತು ಕುಂಡ್ರಾವ್ರು ಹಾಳಿ ಹರಿಯಾವ್ರ ಇರ್ತಾರ. ಖರೆ ಓದಾಕತ್ತಿದ್ರ, ಈ ಪುಟದಾಗ ಏನೈತಿ ಹೇಳ್ರಿ ನೋಡೂಣು.”

ಬಾಯಿ ತೆರೆದೆ. ಒಂದು ಹೆಸರೂ ನೆನಪಾಗಲಿಲ್ಲ. ಕಣ್ಣು ಪುಟದ ಮೇಲಿದ್ದರೂ ಲಕ್ಷ್ಯವೆಲ್ಲ ನಿಂತ ಫ್ಯಾನಿನ ಕಡೆಗಿತ್ತು. ಅಷ್ಟರಲ್ಲಿ ಅದು ತಿರುಗಿತು. ನಾನು ತಟ್ಟನೆ ಎದ್ದುಬಿಟ್ಟೆ.

ಅವರು ಪುಸ್ತಕ ಇಸಿದುಕೊಂಡು ಹಾಳೆಗಳನ್ನೆಲ್ಲ ತಿರುವಿ ನೋಡಿ ಅಂದರು:

“ನೀವು ಹರಿಯಾವ್ರಲ್ಲ ಬಿಡ್ರಿ. ಅವ್ರು ಹರಿಯೂಕಿಂತ ಮೊದಲ ಒಮ್ಮೆಯಾದ್ರೂ ಓದಿರ್ತಾರ.”