ದೇವಿ ತಿಂದ ಗಂಟೆಗಳು

ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಇನ್‌ಸ್ಪೆಕ್ಷನ್ ವಿಭಾಗದವಳು. ವಿಭಾಗ ಎಂದರೆ ನಾನೊಬ್ಬಳೇ. ಒಂದು ಮೇಜು, ಒಂದು ಮೈಕ್ರೋಮೀಟರ್, ಮೂಲೆಯಲ್ಲಿ ಡ್ರಾಯಿಂಗ್ ತೆರೆದು ನೋಡಲು ಓಬೀರಾಯನ ಕಾಲದ ಕಂಪ್ಯೂಟರ್. ಇಪ್ಪತ್ತೆರಡು ವರ್ಷದಿಂದ ಬೇರೆಯವರು ಮಾಡಿದ ಲೋಹದ ತುಂಡುಗಳನ್ನು ಅಳೆದು ಪಾಸು, ರಿಜೆಕ್ಟ್ ಎಂದು ಹೇಳುವುದೇ ನನ್ನ ಬದುಕು. ನಾನೇ ಮಾಡಿದ ಒಂದು ತುಂಡು, ಅದನ್ನು ಇನ್ಯಾರೋ ಅಳೆದು ಸರಿ ಎನ್ನುವುದು, ಇದೊಂದು ಆಗಲೇ ಇಲ್ಲವಲ್ಲ ಎಂದು ಆಗಾಗ ಹೊಟ್ಟೆ ಉರಿಯುತ್ತಿತ್ತು.

ಹಾಗಿರುವಾಗ ಒಂದು ಭಾನುವಾರ ಬಾಗಲಗುಂಟೆಯ ಮನೆಯಲ್ಲಿ ಕೂತು ಫೋನಿನಲ್ಲಿ ಓದಿದೆ. ನಮ್ಮ ನಿಮ್ಮ ಕಂಪ್ಯೂಟರುಗಳು ಸುಮ್ಮನೆ ಕೂತಿರುವ ಹೊತ್ತನ್ನು ವಿಜ್ಞಾನಿಗಳಿಗೆ ದಾನ ಕೊಡಬಹುದಂತೆ. ದೂರದ ನಕ್ಷತ್ರಗಳ ಕಡೆಯಿಂದ ಬಂದ ರೇಡಿಯೋ ಸದ್ದಿನ ಒಂದು ಚೂರನ್ನು ಕಳಿಸುತ್ತಾರೆ, ಅದರಲ್ಲಿ ಎಲ್ಲಾದರೂ ಮಿಡಿತ ಇದೆಯೇ ಎಂದು ನಮ್ಮ ಕಂಪ್ಯೂಟರ್ ಲೆಕ್ಕ ಹಾಕಿ ವಾಪಸ್ ಕಳಿಸಬೇಕು. ಅದೇ ಚೂರನ್ನು ಇನ್ನೊಬ್ಬ ಅಪರಿಚಿತರ ಕಂಪ್ಯೂಟರಿಗೂ ಕೊಟ್ಟಿರುತ್ತಾರೆ. ಇಬ್ಬರ ಉತ್ತರ ತಾಳೆಯಾದರೆ ಪಾಸು. ಓದಿ ಮುಗಿಸುವ ಹೊತ್ತಿಗೆ ನಾನು ಎದ್ದು ನಿಂತಿದ್ದೆ. ಇದು ನನಗಾಗಿಯೇ ಮಾಡಿಟ್ಟ ಕೆಲಸ!

ಡ್ರಾಯಿಂಗ್ ತೆರೆಯಲು ಅಡ್ಡಿಯಾಗದಿದ್ದರೆ ಮಾಡಿಕೊಳ್ಳಿ ಎಂದರು ಮಾಲೀಕರು. ಮೊದಲ ಚೂರು ಇಳಿಯಿತು. ಗಡುವು ಹತ್ತು ದಿನ, ಆಯುಧಪೂಜೆಯ ದಿನ ಮಧ್ಯಾಹ್ನ ಹನ್ನೆರಡಕ್ಕೆ. ಶುಭವಾಗಲಿ ಎಂದು ನಾನೇ ಒಂದು ಸ್ಕ್ರೀನ್‌ಸೇವರ್ ಹುಡುಕಿ ಹಾಕಿದೆ. ಐದು ನಿಮಿಷ ಯಾರೂ ಮುಟ್ಟದಿದ್ದರೆ ಪರದೆಯ ಮೇಲೆ ದೇವಿ ಬರುತ್ತಾಳೆ. ಹಿಂದೆ ಪ್ರಭಾವಳಿ ತಿರುಗುತ್ತದೆ, ಎರಡೂ ಬದಿ ದೀಪ ತೂಗುತ್ತವೆ, ಮೇಲಿಂದ ಸಾವಿರಾರು ಹೂವು ಉದುರುತ್ತವೆ. ಮಾಲೀಕರ ಅಜ್ಜಿ ದಿನಾ ಬೆಳಿಗ್ಗೆ ಬಂದು ಅದಕ್ಕೆ ಕೈ ಮುಗಿದು ಹೋಗತೊಡಗಿದರು. ಕಾರ್ಖಾನೆ ನಿಂತಿರುವುದು ಒಂದು ಕಾಲದಲ್ಲಿ ಅವರು ರಾಗಿ ಬೆಳೆದ ಹೊಲದಲ್ಲಿ. ಹಾಗಾಗಿ ಇಲ್ಲಿ ಮಾಲೀಕರ ಮಾತಿಗೂ ಮೇಲೆ ಅಜ್ಜಿಯ ಮಾತು.

ಲೆಕ್ಕದ ಪುಟದಲ್ಲಿ ಎರಡು ಸಾಲಿದ್ದವು. ರನ್ ಟೈಮ್, ಸಿಪಿಯು ಟೈಮ್. ನಾನು ಮೊದಲನೆಯದನ್ನು ಮಾತ್ರ ನೋಡಿ ಹಿಗ್ಗುತ್ತಿದ್ದೆ. ಇಪ್ಪತ್ತು ಗಂಟೆ ಆಯಿತು, ನಲವತ್ತು ಆಯಿತು ಎಂದು ಊಟದ ಹೊತ್ತಿನಲ್ಲಿ ಎಲ್ಲರಿಗೂ ಸಾರುತ್ತಿದ್ದೆ. ಹಬ್ಬಕ್ಕೆ ಎರಡು ದಿನ ಇರುವಾಗ ಎರಡನೆಯ ಸಾಲಿನ ಕಡೆ ಕಣ್ಣು ಹೋಯಿತು. ರನ್ ಟೈಮ್ ಐವತ್ತೆರಡು ಗಂಟೆ, ಸಿಪಿಯು ಟೈಮ್ ಹದಿಮೂರು. ಕೆಲಸ ಅರ್ಧ ಮಾತ್ರ ಮುಗಿದಿತ್ತು.

ಇನ್ನೂ ತಮಾಷೆಯೆಂದರೆ ನಾನು ಎದುರಿಗೆ ಕೂತು ನೋಡುವಾಗ ಎರಡೂ ಸರಸರ ಜೊತೆಯಾಗಿ ಓಡುತ್ತಿದ್ದವು. ತುಂಡು ಅಳೆಯಲು ಹೋಗಿ ಬರುವಷ್ಟರಲ್ಲಿ ಸಿಪಿಯು ಹಿಂದೆ ಬಿದ್ದಿರುತ್ತಿತ್ತು. ಮೇಲ್ವಿಚಾರಕರು ಕಂಡಾಗ ಮಾತ್ರ ಕೈ ಆಡಿಸುವ ಮೈಗಳ್ಳರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಕಂಪ್ಯೂಟರಿಗೆ ಚೆನ್ನಾಗಿ ಬೈದೆ. ಅದರ ಡಬ್ಬಕ್ಕೆ ಒಂದು ಏಟನ್ನೂ ಕೊಟ್ಟೆ.

ಏಟಿನ ಸದ್ದಿಗೆ ಪಕ್ಕದ ಯಂತ್ರದ ಆಪರೇಟರ್ ಬಂದರು. ಬಾಗಲಕೋಟೆ ಕಡೆಯವರು, ನನಗಿಂತ ಹಿರಿಯರಾದರೂ ನನ್ನನ್ನು ಅಕ್ಕಾ ಎಂದೇ ಕರೆಯುವವರು. ಎರಡೂ ಸಾಲು ನೋಡಿ ನಕ್ಕುಬಿಟ್ಟರು.

"ಅಕ್ಕಾರ, ಸ್ಪಿಂಡಲ್ ತಿರಗಾಕತ್ತಿದ್ರ ಕೆಲಸ ನಡದೈತಿ ಅಂತ ತಿಳ್ಕೊಂಡೀರೇನು? ಟೂಲು ಲೋಹಾ ಮುಟ್ಟಬೇಕ್ರಿ. ಮುಟ್ಟಲಿಲ್ಲಂದ್ರ ಬರೇ ಗಾಳಿ ಕೊಯ್ಯೂದು."

ಒಂದೇ ಮಾತಿಗೆ ನನಗೆ ಹೊಳೆಯಿತು. ರನ್ ಟೈಮ್ ಎಂದರೆ ತುಂಡು ಯಂತ್ರದ ಮೇಲೆ ಕೂತಿರುವ ಹೊತ್ತು. ಸಿಪಿಯು ಟೈಮ್ ಎಂದರೆ ಟೂಲು ನಿಜವಾಗಿ ಅದನ್ನು ಕೊರೆದ ಹೊತ್ತು. ದಾನದ ಕೆಲಸಕ್ಕೆ ಸಾಲಿನಲ್ಲಿ ಕೊನೆಯ ಜಾಗ. ಬೇರೆ ಯಾರಾದರೂ ಕೆಲಸ ಹಿಡಿದು ಬಂದರೆ ಅದು ಪಕ್ಕಕ್ಕೆ ಸರಿದು ನಿಲ್ಲಬೇಕು, ಗಡಿಯಾರ ಮಾತ್ರ ಓಡುತ್ತಿರುತ್ತದೆ. ಆದರೆ ನಾನಿಲ್ಲದಾಗ ಬರುವ ಆ ಇನ್ನೊಬ್ಬರು ಯಾರು?

"ಮುಟ್ಟಬ್ಯಾಡ್ರಿ, ಸುಮ್ನ ನೋಡೂಣು" ಎಂದು ಅವರು ಸ್ಟೂಲ್ ಎಳೆದುಕೊಂಡು ಕೂತರು. ನಾನೂ ಕೂತೆ. ಐದು ನಿಮಿಷ ಕಳೆಯಿತು. ಪ್ರಭಾವಳಿ ತಿರುಗಿತು, ದೀಪ ತೂಗಿತು, ಹೂವು ತಡೆತಡೆದು ಉದುರತೊಡಗಿತು.

"ಅಕ್ಕಾರ, ನಿಮ್ಮ ಕಂಪ್ಯೂಟರ್ ಕಳ್ಳ ಅಲ್ರಿ! ತಾಯಿ ಬಂದು ಕುಂತಾಳ, ಪಾಪ ಅವಗ ಕೈ ಖಾಲಿ ಇಲ್ಲ. ಹೂವು ಉದರ್ಸಾಕತ್ತಾನ!"

ಬಿದ್ದು ಬಿದ್ದು ನಕ್ಕೆವು. ಅಷ್ಟು ಹೂವು, ದೀಪ ಬಿಡಿಸುವುದರಲ್ಲೇ ಆ ಹಳೆಯ ಕಂಪ್ಯೂಟರಿನ ಶಕ್ತಿಯೆಲ್ಲ ಮುಗಿದುಹೋಗುತ್ತಿತ್ತು. ಶುಭವಾಗಲೆಂದು ನಾನೇ ಕರೆತಂದ ದೇವಿ ನನ್ನ ಗಂಟೆಗಳನ್ನೆಲ್ಲ ನೈವೇದ್ಯ ಮಾಡಿಕೊಂಡಿದ್ದಳು. ನವರಾತ್ರಿಯಲ್ಲಿ ಅವಳನ್ನು ತೆಗೆಯುವುದು ಹೇಗೆ? ಕೆನ್ನೆಗೆ ಬಡಿದುಕೊಂಡು ತೆಗೆದೆ. ಬದಲಿಗೆ ಹಳೆಯ ಕ್ಯಾಲೆಂಡರಿನ ದೇವಿಯನ್ನು ಕತ್ತರಿಸಿ ಡಬ್ಬದ ಮೇಲೆ ಅಂಟಿಸಿದೆ. ಕಾಗದದ ದೇವಿಗೆ ಸಿಪಿಯು ಬೇಕಿಲ್ಲ ನೋಡಿ. ಸಿಪಿಯು ಟೈಮ್ ಚಂಗನೆ ನೆಗೆಯತೊಡಗಿತು.

ಆದರೂ ಸಾಲಲಿಲ್ಲ. ಆಯುಧಪೂಜೆಯ ಬೆಳಿಗ್ಗೆ ಎಂಟಕ್ಕೆ ಬಂದು ಕಂಪ್ಯೂಟರ್ ಹಾಕಿದರೆ ನೂರಕ್ಕೆ ತೊಂಬತ್ತೊಂದು ಮುಗಿದಿತ್ತು. ಇನ್ನೂ ಎರಡೂವರೆ ಗಂಟೆಯಾದರೂ ಬೇಕು. ನಮ್ಮಲ್ಲಿ ಒಂಬತ್ತಕ್ಕೆ ಮೇನ್ ಸ್ವಿಚ್ ಇಳಿಸುತ್ತಾರೆ. ಆಮೇಲೆ ಯಂತ್ರಗಳಿಗೆ ಅರಿಶಿನ ಕುಂಕುಮ, ಹಾರ, ಬೂದುಗುಂಬಳ. ಮರುದಿನದವರೆಗೆ ಒಂದು ಡ್ರಿಲ್ ಕೂಡ ತಿರುಗುವಂತಿಲ್ಲ. ಒಂಬತ್ತಕ್ಕೆ ಐದು ನಿಮಿಷ ಇರುವಾಗ ಅಜ್ಜಿ ಹಣತೆ ಹಿಡಿದು ಬಂದರು. ನಾನು ಕಂಪ್ಯೂಟರಿಗೆ ಬೆನ್ನು ಕೊಟ್ಟು ಅಡ್ಡ ನಿಂತಿದ್ದೆ.

"ಅದ್ಯಾಕವ್ವಾ ಇಂಗೆ ನಿಂತಿದ್ದೀಯಾ? ಆರ್ಸು ಅದನ್ನ."

"ಅಜ್ಜಿ, ಇನ್ನೆರಡು ಗಂಟೆ ಬಿಟ್ಬಿಡಿ. ಇವತ್ತು ಮಧ್ಯಾಹ್ನದೊಳಗೆ ಮುಗೀದಿದ್ರೆ ಅಷ್ಟೂ ದಂಡ. ನನ್ನ ಮೊದಲ್ನೇ ಕೆಲಸ ಅಜ್ಜಿ."

"ಯಾರ ಕೆಲ್ಸ ಅದು? ನನ್ ಮೊಮ್ಮಗಂದಾ?"

"ಅಲ್ಲ. ಆಕಾಶದಲ್ಲಿ ನಕ್ಷತ್ರ ಹುಡುಕೋರದು."

"ಸಂಬಳ ಕೊಡ್ತಾರಾ?"

"ಇಲ್ಲ, ಪುಕ್ಕಟೆ."

ಅಜ್ಜಿ ಡಬ್ಬದ ಮೇಲಿನ ಕಾಗದದ ದೇವಿಯನ್ನು ನೋಡಿದರು, ನನ್ನನ್ನು ನೋಡಿದರು.

"ಅಂಗಾದ್ರೆ ಅದು ಕೆಲ್ಸ ಅಲ್ಲ ಕಣವ್ವಾ, ಸೇವೆ. ಸೇವೆಗೆ ಯಾವ ರಜಾ? ಓಡ್ಲಿ ಬುಡು."

ನನ್ನ ಕಂಪ್ಯೂಟರಿಗೆ ಕರೆಂಟು ಬರುವ ಕಚೇರಿಯ ಲೈನ್ ಒಂದನ್ನು ಉಳಿಸಿ ಉಳಿದದ್ದೆಲ್ಲ ಇಳಿಸಿದರು. ಇಡೀ ಕಾರ್ಖಾನೆ ನಿಶ್ಶಬ್ದವಾಯಿತು, ನನ್ನ ಮೂಲೆಯ ಕಂಪ್ಯೂಟರಿನ ಫ್ಯಾನು ಮಾತ್ರ ಗುಂಯ್ಯೆನ್ನುತ್ತಿತ್ತು. ಓಡುತ್ತಿರುವ ಯಂತ್ರಕ್ಕೆ ಮಂಗಳಾರತಿ ಆಗಿದ್ದು ನಮ್ಮಲ್ಲಿ ಅದೇ ಮೊದಲು. ಹತ್ತೂವರೆ ದಾಟಿ ಆರು ನಿಮಿಷಕ್ಕೆ ನೂರು ತೋರಿಸಿತು. ಉತ್ತರ ಹೋಯಿತು. ರನ್ ಟೈಮ್ ಅರವತ್ತೈದು ಗಂಟೆ, ಸಿಪಿಯು ಟೈಮ್ ಇಪ್ಪತ್ತೈದು. ಪುರಿ, ಸಿಹಿ ತಿನ್ನುತ್ತಾ ನಾನು ಕುಣಿಯುವುದೊಂದು ಬಾಕಿ.

ಆಮೇಲೆ ಶುರುವಾಯಿತು ನಿಜವಾದ ಪರದಾಟ. ಪುಟದಲ್ಲಿ 'ತಾಳೆಗಾಗಿ ಕಾಯುತ್ತಿದೆ' ಎಂದಿತ್ತು. ಇನ್ನೊಬ್ಬರಿಗೆ ಚೂರು ತಡವಾಗಿ ಸಿಕ್ಕಿದ್ದರಿಂದ ಅವರ ಗಡುವು ಇನ್ನೂ ಮುಗಿದಿರಲಿಲ್ಲ, ಉತ್ತರವೂ ಬಂದಿರಲಿಲ್ಲ. ನನ್ನ ಮೇಜಿನ ಮುಂದೆ ತುಂಡು ಇಟ್ಟು ಉಗುರು ಕಚ್ಚುತ್ತಾ ನಿಲ್ಲುವವರಿಗೆ ಏನಾಗುತ್ತದೆಂದು ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅರ್ಥವಾಯಿತು. ಎಷ್ಟು ಜನರನ್ನು ಟೀ ಕುಡಿದು ಬರುತ್ತೇನೆಂದು ಹಾಗೇ ನಿಲ್ಲಿಸಿದ್ದೆನೋ! ನಾಚಿಕೆಯಾಯಿತು.

ಮೂರನೆಯ ದಿನ ಅವರ ಉತ್ತರ ಬಂತು. ಯಾವ ದೇಶದವರೋ ಗೊತ್ತಿಲ್ಲ. ಅವರ ರನ್ ಟೈಮ್ ಹದಿನಾರು ಗಂಟೆ, ಸಿಪಿಯು ಟೈಮ್ ಅದಕ್ಕೆ ಹತ್ತು ನಿಮಿಷ ಕಮ್ಮಿ. ಒಂದು ಕ್ಷಣವೂ ಗಾಳಿ ಕೊಯ್ಯದ ಶಿಸ್ತಿನ ಮನುಷ್ಯರು. ನನ್ನ ಅರವತ್ತೈದನ್ನು ಅವರು ನೋಡಿ ಏನೆಂದುಕೊಂಡರೋ. ಉತ್ತರ ಮಾತ್ರ ಎರಡೂ ಒಂದೇ.

ನಾನು ಕಿರುಚಿದ ರಭಸಕ್ಕೆ ಆಪರೇಟರ್ ಯಂತ್ರ ನಿಲ್ಲಿಸಿ ಓಡಿಬಂದರು, ಯಾರದೋ ಕೈ ಯಂತ್ರಕ್ಕೆ ಸಿಕ್ಕಿತೆಂದು ಹೆದರಿ.

"ಏನಾತ್ರಿ ಅಕ್ಕಾರ?"

"ಪಾಸಾಯ್ತು ಕಣ್ರೀ! ನನ್ ಪೀಸು ಪಾಸಾಯ್ತು!"

"ಯಾರ್ರಿ ಪಾಸ್ ಮಾಡಿದ್ರು?"

"ಯಾರೋ ಗೊತ್ತಿಲ್ಲ" ಎಂದೆ. ಕಣ್ಣಲ್ಲಿ ನೀರು ಬಂದುಬಿಟ್ಟಿತ್ತು, ಒರೆಸಿಕೊಳ್ಳಲೂ ಇಲ್ಲ. ಅವರ ಕೈಯಲ್ಲಿ ನನ್ನಿಂದ ಅಳೆಸಬೇಕಿದ್ದ ತುಂಡೊಂದು ಇತ್ತು. ಅದನ್ನು ಇಸಿದುಕೊಂಡು ಅಲ್ಲೇ, ಅವರನ್ನು ಒಂದು ನಿಮಿಷವೂ ಕಾಯಿಸದೆ ಅಳೆದೆ.