ಬೇವಿನ ಕಟ್ಟಿಗೆಯ ಕಪ್ಪೆ

ಇಮಾಮಸಾಬ ಚಾಚಾ ಕೆತ್ತಿದ ಕಪ್ಪೆಯನ್ನು ಮುರಿದವನು ನಾನು. ಮುರಿದದ್ದನ್ನು ಮುಚ್ಚಿಟ್ಟು, ಅದರ ನಕಲನ್ನು ಅವರ ಕೈಗೇ ಕೊಟ್ಟವನೂ ನಾನೇ. ಇಷ್ಟೇ ಆಗಿದ್ದರೆ ಒಂದು ಕಟ್ಟಿಗೆ ತುಂಡಿನ ಮಾತು ಎಂದು ಮರೆತುಬಿಡಬಹುದಿತ್ತೇನೋ. ಆದರೆ ಆಮೇಲೆ ನಾನು ಆಡಿದ ಒಂದು ಮಾತು ಇದೆಯಲ್ಲ—ಅದನ್ನು ಹೇಳಲು ಇಷ್ಟು ವರ್ಷ ಬಾಯಿ ಬರಲಿಲ್ಲ.

ಚಾಚಾ ನನ್ನ ಗೆಳೆಯ ಮೌಲಾಲಿಯ ತಂದೆ. ಬಸ್ ಡ್ರೈವರ್ ಆಗಿ ನಿವೃತ್ತರಾದವರು. ನವನಗರದಲ್ಲಿ ಅವರ ಮನೆ, ನಮ್ಮ ಮನೆ ಒಂದೇ ಸಾಲಿನಲ್ಲಿದ್ದವು. ರವಿವಾರ ಬಂತೆಂದರೆ ಮೂವರೂ ಗಾಳ ಹಿಡಿದು ಹಿನ್ನೀರಿಗೆ ಹೋಗುತ್ತಿದ್ದೆವು—ಮೌಲಾಲಿಯ ಗಾಡಿಯ ಹಿಂದೆ ಚಾಚಾ, ನನ್ನ ಗಾಡಿಗೆ ರೊಟ್ಟಿ, ಶೇಂಗಾ ಚಟ್ನಿಯ ಗಂಟು. ಜೇಕಿನ ಹುಲ್ಲು ಬೆಳೆದ ದಂಡೆಯಲ್ಲಿ ಕೊರವ ಮೀನು ಅಡಗಿ ಕೂತಿರುತ್ತದೆ. ಅದಕ್ಕೆ ಕಪ್ಪೆ ಎಂದರೆ ಪ್ರಾಣ. ಜೀವಂತ ಕಪ್ಪೆಯನ್ನು ಗಾಳಕ್ಕೆ ಚುಚ್ಚಲು ಚಾಚಾಗೆ ಮನಸ್ಸಾಗುತ್ತಿರಲಿಲ್ಲ. ಅಂಗಡಿಯ ಮೆತ್ತನೆಯ ಪ್ಲಾಸ್ಟಿಕ್ ಕಪ್ಪೆ ಹುಲ್ಲಿಗೆ ಸಿಕ್ಕು ಬೇಗ ಹರಿಯುತ್ತಿತ್ತು. ಕಡೆಗೆ ನಾವೇ ಮಾಡಿಕೊಳ್ಳಲು ಕುಳಿತೆವು.

ಊರು ಮುಳುಗಡೆಯಾಗುವ ಮೊದಲು ಹಳೆ ಮನೆಯಿಂದ ಬಿಚ್ಚಿ ತಂದ ಬೇವಿನ ಕಿಟಕಿಯ ತುಂಡೊಂದು ಚಾಚಾ ಹತ್ತಿರ ಉಳಿದಿತ್ತು. ಅದರಲ್ಲಿ ಅವರು ಹೆಬ್ಬೆರಳಿನಷ್ಟು ಕಪ್ಪೆ ಕೆತ್ತಿದರು. ಜಿಗಿಯಲು ಹೊರಟು ಯಾಕೋ ತಡೆದಂತೆ ಮಡಚಿದ ಹಿಂಗಾಲು—ನೋಡಿದವರಿಗೆ ನಗು ಬರಬೇಕು, ಹಾಗಿತ್ತು. ಅದನ್ನು ಅರ್ಧ ಜೇಡಿಮಣ್ಣಿನಲ್ಲಿ ಹೂತು ಮೇಲೆ ಪ್ಲಾಸ್ಟರ್ ಸುರಿದೆವು. ಗಟ್ಟಿಯಾದ ಮೇಲೆ ಮಗುಚಿ ಇನ್ನರ್ಧಕ್ಕೂ ಸುರಿದೆವು. ಎರಡು ಹೋಳು ಬಿಡಿಸಿ ಕಪ್ಪೆಯನ್ನು ತೆಗೆದಾಗ ಒಳಗೆ ಅದರದೇ ಆಕಾರದ ಟೊಳ್ಳು. ಅದೇ ನಮ್ಮ ಅಚ್ಚು. ಹರಿದ ಹಳೆ ಕಪ್ಪೆಗಳನ್ನೆಲ್ಲ ಕರಗಿಸಿ ಅದರಲ್ಲಿ ಹೊಯ್ಯುತ್ತಿದ್ದೆವು. ಹಸಿರು, ಕಪ್ಪು, ಬಳೆ ಅಂಗಡಿಯ ಮಿಂಚಿನ ಪುಡಿ ಬೆರೆಸಿದ್ದು... ಹಿತ್ತಲೆಲ್ಲ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಮೌಲಾಲಿಯ ತಾಯಿ, ಚಾಚಿ, ಅಡುಗೆಮನೆಯಿಂದಲೇ ಕೂಗುತ್ತಿದ್ದರು:

"ನನ್ನ ಸಾರಿನ ಪಾತ್ರ್ಯಾಗ ಕಪ್ಪಿ ಕುದಸ್ತೀರೇನ್ರಿ? ಇವತ್ತ ಅದನ್ನ ಉಣಿಸ್ತೇನಿ ನಿಮಗ!"

ಅಂಥ ದಿನಗಳು ಮತ್ತೆ ಬರಲಿಲ್ಲ. ಬರದಂತೆ ಮಾಡಿದವನು ನಾನು.

ಹೊಯ್ದು ಹೊಯ್ದು ಅಚ್ಚು ಸವೆಯಿತು. ನಾನು ಹಲ್ಲಿನ ಸೆಟ್ ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುವವನು. ಅಚ್ಚು ತೆಗೆಯುವುದೇ ನನ್ನ ಹೊಟ್ಟೆಪಾಡು. ಹೊಸದು ಮಾಡಿ ತರುತ್ತೇನೆ ಎಂದು ಕಪ್ಪೆಯನ್ನು ಕೇಳಿ ಒಯ್ದೆ. ಕೊಡುವಾಗ ಚಾಚಾ ಹೇಳಿದ್ದರು: "ವ್ಯಾಸಲಿನ್ ದಪ್ಪಗ ಹಚ್ಚಪಾ ಮಹಾಂತೇಶ. ಕಟಗಿ ನೀರ ಕುಡೀತೈತಿ."

ನಾನು ತೆಳ್ಳಗೆ ಸವರಿ ಸುರಿದುಬಿಟ್ಟೆ. ಅವಸರವೇನೂ ಇರಲಿಲ್ಲ—ನನಗೆ ಗೊತ್ತಿಲ್ಲದ್ದೇನು ಎಂಬ ಸೊಕ್ಕು. ಕಟ್ಟಿಗೆ ಪ್ಲಾಸ್ಟರಿನ ನೀರು ಕುಡಿದು ಉಬ್ಬಿ, ಒಳಗೇ ಕಚ್ಚಿಕೊಂಡಿತು. ಮೀಟಿದೆ. ಬೆನ್ನು ಸೀಳಿ, ಆ ಹಿಂಗಾಲು ಮುರಿದು ಕೈಗೆ ಬಂತು.

ಅಚ್ಚು ಮಾತ್ರ ಚೆನ್ನಾಗಿ ಉಳಿದಿತ್ತು. ಅದರಲ್ಲೇ ಹಲ್ಲಿನ ಸೆಟ್ಟಿಗೆ ಬಳಸುವ ಅಕ್ರಿಲಿಕ್ ತುಂಬಿ ಇನ್ನೊಂದು ಕಪ್ಪೆ ತೆಗೆದೆ. ಉಜ್ಜಿದೆ, ಕಂದು ಬಣ್ಣ ಹಚ್ಚಿ ವಾರ್ನಿಶ್ ಬಳಿದೆ. ಮುರಿದ ತುಂಡುಗಳನ್ನು ಪ್ಲಾಸ್ಟರಿನ ಕಸದ ಜೊತೆ ಚೆಲ್ಲಿದೆ.

ಅಷ್ಟರಲ್ಲಿ ಸಕ್ಕರೆ ಕಾಯಿಲೆಯಿಂದ ಚಾಚಾನ ಕಣ್ಣು ಹೆಚ್ಚುಕಡಿಮೆ ಹೋಗಿದ್ದವು. ಕಪ್ಪೆಯನ್ನು ಅಂಗೈಯಲ್ಲಿಟ್ಟೆ. ಹೆಬ್ಬೆರಳಿನಿಂದ ಬೆನ್ನು ಸವರಿದರು, ಕಾಲು ಮುಟ್ಟಿದರು, ಮತ್ತೆ ಬೆನ್ನು ಸವರಿದರು.

"ಇದು ನಂದಲ್ಲೋ. ಇದು ಕಟಗೀನ ಅಲ್ಲ."

ಮೌಲಾಲಿ ಬಗ್ಗಿ ನೋಡಿದ. ಅವನ ಕಣ್ಣಿಗೆ ಅದೇ ಕಪ್ಪೆ. ನಕ್ಕು ತಂದೆಗೆ ಹೇಳಿದ: "ಅಬ್ಬಾ, ಕಣ್ಣಂತೂ ಹೋದ್ವು, ಈಗ ಕೈನೂ ಹೋತೇನು?"

ಚಾಚಾ ನಗಲಿಲ್ಲ. ನಾನಿದ್ದ ಕಡೆ ಮುಖ ತಿರುಗಿಸಿದರು. "ನೀ ಹೇಳಪಾ ಮಹಾಂತೇಶ. ಇದು ಅದ ಐತೇನು?"

"ಅದ ಐತಿ ಚಾಚಾ. ಮ್ಯಾಲ ಬಣ್ಣ ಹಚ್ಚೇನಿ, ಅಷ್ಟ."

ಆ ಮಾತೇ ನನ್ನ ತಪ್ಪು. ಕಪ್ಪೆ ಮುರಿದದ್ದಲ್ಲ—ಆ ಮಾತು.

"ಹಂಗಿದ್ರ ಹಂಗ ಇರಬೇಕು ಬಿಡು" ಎಂದು ಅವರು ಅದನ್ನು ಕೆಳಗಿಟ್ಟರು. ಆಮೇಲೆ ಚಾಕು ಹಿಡಿಯಲಿಲ್ಲ. ಮನೆಯಲ್ಲಿ 'ಅಬ್ಬಾಗೆ ಮರೆವು' ಎಂಬ ಮಾತು ಶುರುವಾಯಿತು. ಗುಳಿಗೆ ತಗೊಂಡೆ ಎಂದರೆ ಸೊಸೆ ಡಬ್ಬಿ ತೆಗೆದು ನೋಡುತ್ತಿದ್ದಳು. ಯಾರೋ ಬಾಗಿಲು ಬಡಿದರು ಎಂದು ಚಾಚಾ ಹೇಳಿದರೆ ಯಾರೂ ಏಳುತ್ತಿರಲಿಲ್ಲ. ಹಿನ್ನೀರಿಗೆ ಕೆಲವು ದಿನ ಬಂದರು. ಮೊದಲೆಲ್ಲ ನೀರಿನ ಸಪ್ಪಳ ಕೇಳಿ "ಎಡಕ್ಕ ಒಗಿ, ಅಲ್ಲೈತಿ" ಎನ್ನುತ್ತಿದ್ದವರು ಈಗ ಸುಮ್ಮನೆ ಕೂರುತ್ತಿದ್ದರು. ಕೇಳಿದರೆ, "ನೀವ ನೋಡ್ಕೊಳ್ರಪಾ, ನನಗೇನು ಗೊತ್ತಾಗ್ತೈತಿ"... ಬರುವುದನ್ನೂ ಬಿಟ್ಟರು. ಹೀಗೆಯೇ ಇದ್ದು ತೀರಿಕೊಂಡರು. ಮಣ್ಣಿಗೆ ಹೋದೆ, ಹೆಗಲು ಕೊಟ್ಟೆ. ಆಗಲೂ ಬಾಯಿ ಬಿಡಲಿಲ್ಲ.

ಕಳೆದ ತಿಂಗಳು ಮೌಲಾಲಿ ಗಾಡಿಯ ಕೀಲಿ ಎಲ್ಲಿಟ್ಟೆನೆಂದು ಹುಡುಕಿ ಹುಡುಕಿ, ಕಟ್ಟೆಯ ಮೇಲೆ ಕುಳಿತುಬಿಟ್ಟ. "ಅಬ್ಬಾಗೂ ಹಿಂಗ ಶುರು ಆಗಿತ್ತಲ್ಲೋ. ನನಗೂ ಬಂತೇನೋ. ದವಾಖಾನಿಗೆ ಹೋಗಾಕ ಹೆದರಿಕಿ ಆಗೇತಿ" ಎಂದ. ನನ್ನ ಸುಳ್ಳು ಅಪ್ಪನನ್ನು ತಿಂದು ಈಗ ಮಗನ ಬಳಿ ಬಂದಿದೆ—ಇನ್ನೂ ಸುಮ್ಮನಿರುವುದು ನನ್ನಿಂದಾಗಲಿಲ್ಲ.

"ಚಾಚಾಗ ಮರವು ಇರ್ಲಿಲ್ಲ, ಮೌಲಾಲಿ" ಎಂದು ಶುರು ಮಾಡಿ ಎಲ್ಲವನ್ನೂ ಹೇಳಿದೆ.

ಬೈಯುತ್ತಾನೆ ಎಂದುಕೊಂಡಿದ್ದೆ. ಅವನು, "ಕೈನೂ ಹೋತೇನು ಅಂತ ಅಂದವ ನಾ ಅಲ್ಲೇನೋ" ಎಂದ. ಆಮೇಲೆ ಎದ್ದ. "ನನಗಷ್ಟ ಹೇಳಿದ್ರ ಮುಗೀಲಿಲ್ಲ. ಒಳಗ ಅಮ್ಮಾ ಅದಾಳ. ಆಕಿಗೆ ನೀನ ಹೇಳು."

ಹೋದೆ. ಚಾಚಿ ನೆಲದ ಮೇಲೆ ಕುಳಿತು ಅಕ್ಕಿ ಆರಿಸುತ್ತಿದ್ದರು. ಎದುರಿಗೆ ಕುಳಿತು ಹೇಳಿದೆ. ಅವರ ಕೈ ಮೊರದ ಮೇಲೇ ನಿಂತಿತು.

"ಆ ದಿನ ನೀ ಹೋದ ಮ್ಯಾಲ ಅವರು ನನ್ನ ಕೇಳಿದ್ರು" ಎಂದರು. "'ನನಗ ಖರೇನ ತಿಳೀವಲ್ದಾಗೇತೇನು? ನೀನರ ಹೇಳು' ಅಂತ. ನಾ... ಹೂಂ ಅಂದೆ."