ತೊಟ್ಟಿಲ ಹಲಗೆಯ ಹಿಂಬದಿ

ಎರಡನೇ ಇಯತ್ತೆ ಆದ ಮೇಲೆ ನಾನು ಶಾಲೆಯ ಕಡೆ ಹೋಗಲಿಲ್ಲ. ಗೋಕಾಕದಲ್ಲಿ ಕಟ್ಟಿಗೆಯ ಗೊಂಬೆ, ಹಣ್ಣು, ತೊಟ್ಟಿಲುಗಳಿಗೆ ಬಣ್ಣ ಹಚ್ಚಿಕೊಂಡೇ ಮುದುಕಿಯಾದೆ. ಈಗ ಕೈ ನಡುಗುತ್ತದೆ. ನಾನು ಬಣ್ಣ ಅರೆಯುತ್ತಿದ್ದ ಮುಂದಿನ ಕೋಣೆಯಲ್ಲಿ ಸೊಸೆ ಲೇಸರ್ ಮಷೀನ್ ಇಟ್ಟಿದ್ದಾಳೆ. ಬಣ್ಣದ ಹಲಗೆ ಇರಲಿ, ಬಣ್ಣ ಬಳಿದ ನೀರಿನ ಬಾಟಲಿ ಇರಲಿ, ಮೇಲಿನ ಪದರ ಸುಟ್ಟು ಹೆಸರು ಮೂಡಿಸುತ್ತದೆ.

ಕಲ್ಲೋಳಿಯ ಒಬ್ಬ ಹೆಂಗಸು ತೊಟ್ಟಿಲಿನ ತಲೆಗಡೆಯ ಹಲಗೆ ಬಿಚ್ಚಿಕೊಂಡು ಬಂದಳು. ಅವಳ ಮೊದಲ ಹೆರಿಗೆಗೆ ಆ ತೊಟ್ಟಿಲಿಗೆ ಬಣ್ಣ ಹಚ್ಚಿದವಳು ನಾನೇ. ಹಸಿರು ಮೈ, ಎದುರುಬದುರು ಎರಡು ಗಿಳಿ. ಈಗ ಅವಳ ಮೊಮ್ಮಗಳಿಗೆ ಹೆಸರಿಡುವ ಕಾರ್ಯ. ಗಿಳಿಗಳ ನಡುವೆ ಕೂಸಿನ ಹೆಸರು ಬೇಕು. ಸೋದರತ್ತೆ ಕಿವಿಯಲ್ಲಿ ಹೇಳುವ ತನಕ ಹೆಸರು ಬಾಯಿಬಿಡಬಾರದಲ್ಲ, ಚೀಟಿಯಲ್ಲಿ ಬರೆದು ಮಡಚಿ ಕೊಟ್ಟಳು.

"ನಾಳೆ ಮುಂಜಾನೆ ಕೂಸಿನ್ನ ತೊಟ್ಟಲದಾಗ ಹಾಕತೀವ್ರಿ ಆಯಿ. ಇಲ್ಲೇ ಪ್ಯಾಟಿ ಮಾಡಿ ಐದಕ್ಕ ಬರತೇನಿ. ಮುಗದಿರಬೇಕ ನೋಡ್ರಿ."

"ಮಾಡೂದು ಮಷೀನ, ನನ್ನ ಕೈ ಅಲ್ಲವಾ. ಮುಗೀತೈತಿ ಹೋಗ," ಅಂದೆ.

ಸೊಸೆಯದೊಂದು ಪದ್ಧತಿ. ಯಾವ ಬಣ್ಣವೇ ಇರಲಿ, ಮೊದಲು ಕಾಣದ ಜಾಗದಲ್ಲಿ ಒಂದು ಗೆರೆ ಸುಟ್ಟು ನೋಡುತ್ತಾಳೆ. ಹಲಗೆ ಮಗುಚಿ ಕೇಳಿದಳು, "ಅತ್ತ್ಯಾರ, ಹಿಂದಿಂದೂ ಮುಂದಿಂದೂ ಒಂದ ಬಣ್ಣ ಹೌದಲ್ಲ?"

ಕಲ್ಲೋಳಿಯವಳು ಇನ್ನೂ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಳು. "ಹೂಂ," ಅಂದೆ.

ಒಂದೇ ಆಗಿರಲಿಲ್ಲ. ಮುಂದಿನದು ಹುಣಸೆ ಬೀಜ ನೆನೆಸಿ ಅರೆದ ಅಂಟು, ಬಿಳಿ ಮಣ್ಣು, ಅದರ ಮೇಲೆ ಬಣ್ಣ. ಹಿಂದಿನದು ಹಾಗಲ್ಲ. ಅವಳ ಎರಡನೇ ಹೆರಿಗೆಗೆ ತೊಟ್ಟಿಲು ಮತ್ತೆ ನನ್ನ ಹತ್ತಿರ ಬಂದಿತ್ತು, ಹಲಗೆಯ ಹಿಂಬದಿಯ ಬಣ್ಣ ಎದ್ದಿತ್ತು. ಆಗ ನನ್ನ ಮಣಿಕಟ್ಟು ಬಾತಿತ್ತು, ಬೀಜ ಅರೆಯುವ ಮನಸ್ಸಿರಲಿಲ್ಲ. ಪೇಟೆಯ ಡಬ್ಬಿ ಬಣ್ಣ ಬಳಿದು, ಎಲ್ಲ ಮೊದಲಿನದೇ ಅಂತ ಹೇಳಿ ಕಳಿಸಿದ್ದೆ. ಅವಳು ಹೋದ ಮೇಲಾದರೂ ಸೊಸೆಗೆ ಹೇಳಬಹುದಿತ್ತು. ಹೇಳಲಿಲ್ಲ. ಹಳೆಯ ಸುಳ್ಳು, ಬಾಯಿಗೆ ಒಗ್ಗಿಹೋಗಿತ್ತು.

ಹಿಂದೆ ಗೆರೆ ಚೊಕ್ಕ ಬಂತು. ಅದೇ ಶಾಖಕ್ಕೆ ಮುಂಬದಿ ಇಟ್ಟಳು. ಮೊದಲ ಅಕ್ಷರ ಮುಗಿಯುವುದರೊಳಗೆ ಹುಣಸೆ ಬೀಜ ಹುರಿದ ವಾಸನೆ ಬಂತು. ಹಸಿರು ಗುಳ್ಳೆ ಎದ್ದಿತು, ಒಡೆಯಿತು. ಸೊಸೆ ಮಷೀನ್ ನಿಲ್ಲಿಸುವಷ್ಟರಲ್ಲಿ ಒಂದು ಗಿಳಿಯ ಕೊಕ್ಕು, ಕುತ್ತಿಗೆ ಹೊಪ್ಪಳಿಕೆಯಾಗಿ ಎದ್ದುಹೋಗಿದ್ದವು.

"ಹಿಂದ ಬರೋಬರಿ ಇತ್ತಲ್ಲರಿ," ಅಂದಳು. ಇನ್ನೂ ನನ್ನನ್ನು ನಂಬಿಯೇ ಕೇಳುತ್ತಿದ್ದಳು. "ಹಲಗಿ ಇಲ್ಲದ ತೊಟ್ಟಲಾ ಹೆಂಗ ಕಟ್ಟತಾರ ಅವರು?"

ಮೂರು ಗಂಟೆ ಹೊಡೆದಿತ್ತು. ಮನೆಯಲ್ಲಿ ಹುಣಸೆ ಅಂಟು ಎಲ್ಲಿಂದ ಬರಬೇಕು? ಬೀಜ ದಿನಗಟ್ಟಲೆ ನೆನೆಯಬೇಕು. ಮೈದಾ ಕುದಿಸಿದೆ, ಮೊಮ್ಮಗನ ಸೀಮೆಸುಣ್ಣ ಕುಟ್ಟಿ ಕಲಸಿದೆ, ಕುಳಿಗೆ ಮೆತ್ತಿದೆ. ಒಣಗಲಿಲ್ಲ. ಫ್ಯಾನಿನ ಮುಂದೆ ಹಿಡಿದೆ. ಒಲೆಯ ಮೇಲೆ ಹಿಡಿದೆ, ಬಿರಿಯಿತು. ತೆಗೆದು ಮತ್ತೆ ಮೆತ್ತಿದೆ. ಹಸಿಯ ಮೇಲೆಯೇ ಹಸಿರು ಬಳಿದೆ. ಸೊಸೆ ಚೀಟಿ ಹಿಡಿದು ನಿಂತಳು, ನಾನು ಅಕ್ಷರವನ್ನು ಗಿಳಿಯ ಚಿತ್ರ ಬರೆದ ಹಾಗೆ ನೋಡಿ ನೋಡಿ ಬರೆದೆ. ಕೈ ನಡುಗಿ ಒಂದೊಂದು ಒಂದೊಂದು ಕಡೆ ಓಡಿತು. ಒರೆಸಿದರೆ ಮೆತ್ತಿದ್ದೇ ಎದ್ದು ಬರುತ್ತಿತ್ತು. ದೇವರೇ ಬಸ್ಸು ತಪ್ಪಿಸು ಅಂದೆ. ಕಲ್ಲೋಳಿಯವಳು ಪೇಟೆಯಲ್ಲೇ ಇದ್ದಾಳೆಂಬುದೂ ಮರೆತುಹೋಗಿತ್ತು.

ಐದಕ್ಕೆ ಸರಿಯಾಗಿ ಬಂದಳು. ಹಲಗೆಗೆ ಹೆಬ್ಬೆರಳು ಇಟ್ಟಳು. ಹೆಸರಿನ ಅರ್ಧ ಬೆರಳಿಗೆ ಬಂತು.

"ನಂದ ತಪ್ಪರಿ ಅಕ್ಕಾರ," ಅಂದಳು ಸೊಸೆ. "ಶಾಖ ಜಾಸ್ತಿ ಇಟ್ನಿ."

"ಗುಂಡಿ ಒತ್ತಾಕ ಬಂದ್ರ ಕಸಬು ಬಂತೇನ? ನಿಮ್ಮತ್ತಿ ಕೈಯಾಗಿನ ಕೆಲಸ ನೋಡಿ ಕಲತಿದ್ರ ಹಿಂಗ ಆಗತಿತ್ತ?"

ಸೊಸೆ ತಲೆ ಕೆಳಗೆ ಹಾಕಿದಳು. ಅದನ್ನು ಕೇಳಿಕೊಂಡು ಕೂರಲು ನನ್ನಿಂದ ಆಗಲಿಲ್ಲ.

"ಅಕಿದಲ್ಲ, ನಂದು," ಅಂದೆ. "ಹಲಗಿ ಹಿಂದ ಡಬ್ಬಿ ಬಣ್ಣ ಬಳದಿದ್ನಿ, ನಿನ್ನ ಎರಡನೇ ಕೂಸಿನ ಹೊತ್ತಿಗೆ. ಇಕಿ ಕೇಳಿದ್ಲು. ಒಂದ ಬಣ್ಣ ಅಂತ ಸುಳ್ಳ ಹೇಳಿದ್ನಿ."

ಕಲ್ಲೋಳಿಯವಳು ಹಲಗೆ ಮಗುಚಿ ಹಿಂಬದಿ ನೋಡಿದಳು. ಮೇಲಿನ ಅಂಚಿನಲ್ಲಿ ಸಣ್ಣ ಹಲ್ಲಿನ ಗುರುತುಗಳಿದ್ದವು. ಅಷ್ಟು ಹೊತ್ತು ಕೈಯಲ್ಲೇ ಇದ್ದರೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

"ಹಲ್ಲ ಬರೂಮುಂದ ನನ್ನ ಎರಡನೇ ಮಗಾ ಇದನ್ನ ಕಡಕೋಂತ ನಿಂದರತಿದ್ದ," ಅಂದಳು. "ಆಯಿ ಬಣ್ಣ, ಹುಣಸಿ ಬೀಜದ್ದು, ಏನೂ ಆಗೂದಿಲ್ಲ ಅಂತ ನಾ ಬಿಟ್ಟಿದ್ನಿ."

ಹುಡುಗನಿಗೆ ಏನೂ ಆಗಿಲ್ಲವಲ್ಲ ಎಂದು ಕೇಳಲು ಬಾಯಿ ಬರಲಿಲ್ಲ. ಅವಳು ಬೆರಳಿನ ಬಣ್ಣವನ್ನು ನಮ್ಮ ಬಾಗಿಲ ಚೌಕಟ್ಟಿಗೆ ಒರೆಸಿದಳು.

"ಹಲಗಿ ಒಯ್ಯವಾ," ಅಂದೆ.

"ನೀವ ಇಟಗೋರಿ. ನಾಳೆ ಸೀರಿ ಜೋಳಿಗಿ ಕಟ್ಟಿ ಕೂಸಿನ್ನ ಹಾಕತೀವಿ."

ಹೋದಳು. ಚೌಕಟ್ಟಿನ ಮೇಲಿನ ಹಸಿರು ಮರುದಿನಕ್ಕೆ ಒಣಗಿತು.